ಮೈಕಮ್ಮನ ಏಳನೆಯ ನರ

ಊರಿನ ಬಸ್ ನಿಲ್ದಾಣಕ್ಕೆ ಬಂದುಹೋಗುವವರಿಗೆಲ್ಲ ಅವಳ ದನಿ ಗೊತ್ತಿತ್ತು. ಮುಖ ಗೊತ್ತಿದ್ದವರು ಬೆರಳೆಣಿಕೆಯಷ್ಟು. ನಿಲ್ದಾಣದ ಮೊದಲ ಮಹಡಿಯಲ್ಲಿ, ಕಂಟ್ರೋಲರ್ ಕೋಣೆಗೆ ಅಂಟಿಕೊಂಡಂತಿದ್ದ ಗಾಜಿನ ಗೂಡಿನಲ್ಲಿ ಅವಳ ಕೆಲಸ. ಒಂದು ಕುರ್ಚಿ, ಒಂದು ಮೈಕು, ಬಸ್ಸುಗಳ ವೇಳೆ ಅಂಟಿಸಿದ ರಟ್ಟು, ತಿರುಗುವಾಗ ಕಟಕಟ ಸದ್ದು ಮಾಡುವ ಒಂದು ಫ್ಯಾನು. ಮೈಕಿನ ಗುಂಡಿ ಒತ್ತುವ ಮೊದಲು ಫ್ಯಾನು ಆರಿಸಬೇಕು. ಮರೆತರೆ ಬಸ್ಸಿನ ಸುದ್ದಿಯ ಜೊತೆ ಫ್ಯಾನಿನ ಸುದ್ದಿಯೂ ಇಡೀ ನಿಲ್ದಾಣಕ್ಕೆ ಹೋಗುತ್ತಿತ್ತು. ಹೀಗಾಗಿ ಬೇಸಿಗೆಯಲ್ಲಿ ಅವಳು ಬಸ್ಸಿಗೊಂದು ಸಲ ಬೆವರುತ್ತಿದ್ದಳು.

ಡ್ರೈವರುಗಳು, ಕಂಡಕ್ಟರುಗಳು ಅವಳನ್ನು ಮೈಕಮ್ಮ ಎಂದೇ ಕರೆಯುತ್ತಿದ್ದರು. ಮೊದಲು ಅವಳದು ಪಾರ್ಸೆಲ್ ಕೋಣೆಯಲ್ಲಿ ಗಂಟುಗಳಿಗೆ ಚೀಟಿ ಅಂಟಿಸುವ ಕೆಲಸ. ಮೈಕಿನವನು ರಜೆ ಹಾಕಿದ್ದ ಒಂದು ದಿನ, ಗದ್ದಲದಲ್ಲಿ ಒಂದು ಹೆಣ್ಣುಮಗು ತಾಯಿಯ ಕೈ ತಪ್ಪಿ ಕಂಟ್ರೋಲರ ಕೋಣೆ ಸೇರಿತು. ಕಂಟ್ರೋಲರು ಕಣ್ಣಿಗೆ ಬಿದ್ದ ಇವಳನ್ನೇ ಕರೆದು ಮೈಕಿನ ಮುಂದೆ ಕೂರಿಸಿದರು. ಇವಳು ಕಿರುಚಲಿಲ್ಲ, ಗಾಬರಿಯಾಗಲಿಲ್ಲ. ಪಕ್ಕದಲ್ಲಿ ಕೂತವರ ಜೊತೆ ಮಾತಾಡುವಂತೆ, "ಹಳದಿ ಫ್ರಾಕಿನ ಪುಟ್ಟಿ ನನ್ನ ತೊಡೆ ಮೇಲೆ ಕೂತಿದ್ದಾಳೆ. ಬಿಸ್ಕತ್ತು ತಿಂತಾ ಇದ್ದಾಳೆ. ಅವರಮ್ಮ ಅವಸರ ಮಾಡದೆ, ಮೆಟ್ಟಿಲು ನೋಡ್ಕೊಂಡು ಹತ್ತಿ ಬರಲಿ" ಎಂದಳು. ಹುಚ್ಚಿಯಂತೆ ಓಡಾಡುತ್ತಿದ್ದ ತಾಯಿ ಆ ದನಿ ಕೇಳಿ ನಿಂತಲ್ಲೇ ಉಸಿರು ಬಿಟ್ಟಳಂತೆ. ಅಂದಿನಿಂದ ಮೈಕು ಅವಳ ಪಾಲಿಗೇ ಉಳಿಯಿತು.

ಮನೆಯಲ್ಲಿ ಮೂವರು. ಗಂಡ ಊರೆಲ್ಲ ಸುತ್ತಿ ಮನೆ-ಅಂಗಡಿಗಳ ವಿದ್ಯುತ್ ತಂತಿ ಸರಿಮಾಡುವ ವೈರ್‌ಮನ್. ಕಡಿಮೆ ಮಾತಿನವನು, ಟೆಸ್ಟರು ಕಿಸೆಯಲ್ಲಿಲ್ಲದಿದ್ದರೆ ಬರಿಮೈಯಲ್ಲಿ ನಿಂತಂತೆ ಒದ್ದಾಡುವವನು. ಮತ್ತೆ ಅತ್ತೆ. ಅತ್ತೆಗೆ ಮಾತು ಬೇಕು, ಮಾತಿಗೆ ಖಾರವೂ ಬೇಕು. ದಿನವಿಡೀ ಮಾತಾಡಿ ಬರುವ ಸೊಸೆಗೆ ಮನೆಯಲ್ಲಿ ತುಟಿ ಬಿಚ್ಚಲು ಮನಸ್ಸಾಗುತ್ತಿರಲಿಲ್ಲ. "ಊರಿಗೆಲ್ಲ ಮಾತು ಹಂಚ್ತಾಳೆ, ಮನೆಗೆ ಬರೋ ಹೊತ್ತಿಗೆ ಪಾತ್ರೆ ತಳ ಕಂಡಿರುತ್ತೆ" ಎಂದು ಅತ್ತೆ ಗೋಡೆಗೆ ಹೇಳುತ್ತಿದ್ದರು. ಗೋಡೆ ಉತ್ತರ ಕೊಡುತ್ತಿರಲಿಲ್ಲ, ಸೊಸೆಯೂ ಕೊಡುತ್ತಿರಲಿಲ್ಲ. ಜಗಳವೆಂದು ಇಬ್ಬರೂ ಆಡಿದ್ದಿಲ್ಲ, ಸಲಿಗೆಯೂ ಬೆಳೆದಿರಲಿಲ್ಲ. ಹೀಗೇ ವರ್ಷಗಳು ಸಂದಿದ್ದವು.

ಒಂದು ದಿನ ಅವಳ ಬಲಕಿವಿಯ ಹಿಂದೆ ಸಣ್ಣಗೆ ನೋವು ಶುರುವಾಯಿತು. ಬಸ್ಸಿನ ಕಿಟಕಿಗಾಳಿ ಬಡಿದಿರಬೇಕು ಎಂದುಕೊಂಡಳು. ಮರುದಿನ ನಿಲ್ದಾಣದ ಸ್ಪೀಕರು ಎಂದಿಲ್ಲದ ಜೋರಾಗಿ ಕೇಳತೊಡಗಿತು. ಕಿವಿಯೊಳಗೆ ತಟ್ಟೆ ಬಿದ್ದಂತೆ. "ಸೌಂಡು ಜಾಸ್ತಿ ಮಾಡಿದ್ದು ಯಾರು?" ಎಂದು ಕಂಟ್ರೋಲರನ್ನು ಕೇಳಿದಳು. "ಆ ಗುಂಡಿ ಮೇಲೆ ಧೂಳು ಕೂತಿದೆ ನೋಡಮ್ಮ. ಯಾರೂ ಮುಟ್ಟಿಲ್ಲ" ಎಂದರು ಅವರು. ಯಾರೋ ಮುಟ್ಟಿ ಧೂಳು ವಾಪಸ್ ಉದುರಿಸಿದ್ದಾರೆ ಎಂದು ಅವಳಿಗೆ ಒಳಗೊಳಗೇ ಸಿಟ್ಟು.

ಅದರ ಮಾರನೆಯ ಬೆಳಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ನೀರು ತಾನಾಗಿಯೇ ಬಲಗಡೆಯಿಂದ ಸೋರಿ ಕತ್ತಿಗಿಳಿಯಿತು. ಮತ್ತೆ ತುಂಬಿಕೊಂಡಳು, ಮತ್ತೆ ಸೋರಿತು. ತಲೆಯೆತ್ತಿ ಕನ್ನಡಿ ನೋಡಿದಳು. ಮುಖದ ಬಲ ಅರ್ಧಕ್ಕೆ ಯಾರೋ ಇಸ್ತ್ರಿ ಹೊಡೆದಂತಿತ್ತು. ಒಂದು ಗೆರೆಯಿಲ್ಲ, ಒಂದು ಸುಕ್ಕಿಲ್ಲ. ಬಾಯಿ ಎಡಕ್ಕೆ ಎಳೆದುಕೊಂಡಿತ್ತು. ಬಲಗಣ್ಣು ಮುಚ್ಚಲು ಹೋದರೆ ಮುಚ್ಚಲೇ ಇಲ್ಲ, ಬೆಪ್ಪಾಗಿ ಅವಳನ್ನೇ ನೋಡುತ್ತಿತ್ತು.

"ರೀ, ಇಲ್ಲಿ ವನ್ನಿ" ಎಂದು ಕೂಗಿದಳು.

'ಬ' ಬರಲಿಲ್ಲ. ತುಟಿ ಕೂಡಲಿಲ್ಲ, ಗಾಳಿ ಜಾರಿಹೋಯಿತು. ಅವಳ ಎದೆ ಧಸಕ್ಕೆಂದಿದ್ದು ಕನ್ನಡಿ ನೋಡಿದಾಗಲ್ಲ, ಆ ಒಂದಕ್ಷರ ಕೇಳಿದಾಗ.

ಗಂಡ ಓಡಿ ಬಂದ, ಹಿಂದೆಯೇ ಅತ್ತೆ. ಅತ್ತೆ ಸೊಸೆಯ ಮುಖ ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಒಂದು ಮಾತು ಆಡಲಿಲ್ಲ. ಕೆಲವು ವರ್ಷಗಳ ಹಿಂದೆ ಮಾವನಿಗೂ ಹೀಗೇ ಬಾಯಿ ಸೊಟ್ಟಗಾಗಿತ್ತು, ಒಂದು ಕೈ ಬಿದ್ದುಹೋಗಿತ್ತು. ಲಕ್ವ ಹೊಡೆದು ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ. ಅವರನ್ನು ಕೊನೆತನಕ ನೋಡಿಕೊಂಡವರು ಅತ್ತೆಯೇ. ಮಾತಿಲ್ಲದ ಅತ್ತೆಯನ್ನು ಸೊಸೆ ಅದೇ ಮೊದಲ ಸಲ ನೋಡಿದ್ದು. ತನಗೆ ಏನಾಗಿದೆಯೆಂದು ಆ ಮೌನವೇ ಹೇಳಿದಂತಾಯಿತು.

"ಆಸ್ಪತ್ರೆಗೆ ಹೋಗೋಣ, ಈಗಲೇ" ಎಂದ ಗಂಡ.

"ನಾನೂ ಬರ್ತೀನಿ" ಎಂದರು ಅತ್ತೆ. ಚಪ್ಪಲಿ ಹಾಕಿಕೊಂಡಾಗ ಒಂದು ಮನೆಯೊಳಗಿನದು, ಒಂದು ಹೊರಗಿನದು. ಯಾರೂ ನೋಡಲಿಲ್ಲ.

ದೊಡ್ಡಾಸ್ಪತ್ರೆಯ ತುರ್ತು ಕೋಣೆಯಲ್ಲಿ ರಕ್ತದೊತ್ತಡ, ಸಕ್ಕರೆ ನೋಡಿದರು. ಕೈ ಎತ್ತಿಸಿದರು, ನಡೆಸಿದರು. ಆಮೇಲೆ ಉದ್ದನೆಯ ಓಣಿಯ ಕೊನೆಯಲ್ಲಿದ್ದ ನರಗಳ ವಿಭಾಗಕ್ಕೆ ಕಳಿಸಿದರು. ಅಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಕೂದಲನ್ನು ಮೇಲೆತ್ತಿ ಪೆನ್ಸಿಲ್ ಸಿಕ್ಕಿಸಿದ್ದಳು. ಮೇಜಿನ ಮೇಲೆ ಸಾಲಾಗಿ ಪುಟ್ಟ ಪುಟ್ಟ ಡಬ್ಬಿ. ಬಾಗಿಲಲ್ಲಿದ್ದ ನರ್ಸು, "ಡಬ್ಬಿ ಡಾಕ್ಟರಮ್ಮ ಸಿಕ್ಕಿದ್ದಾರೆ, ನಿಮ್ಮ ಪುಣ್ಯ. ಆದರೆ ಬೇಗ ಮುಗೀತದೆ ಅಂದ್ಕೋಬೇಡಿ" ಎಂದು ಒಳಗೆ ಬಿಟ್ಟಳು.

ಮೂವರೂ ಒಳಹೋದರು. ಗಂಡ ಗೋಡೆಗೆ ಒರಗಿ ನಿಂತ. ಅತ್ತೆ ಸ್ಟೂಲಿನ ತುದಿಯಲ್ಲಿ ಕೂತರು.

"ಲಕ್ವನಾ ಡಾಕ್ಟ್ರೇ?" ಗಂಡನೇ ಕೇಳಿದ.

"ಗೊತ್ತಿಲ್ಲ. ನೋಡ್ದೆ ಹೆಂಗೆ ಹೇಳಲಿ?" ಎಂದಳು ಡಾಕ್ಟರಮ್ಮ. ದನಿಯಲ್ಲಿ ಅವಸರವಿರಲಿಲ್ಲ, ಬಿಂಕವೂ ಇರಲಿಲ್ಲ. "ಅಮ್ಮ, ಮೆದುಳಿಂದ ಹನ್ನೆರಡು ಜೊತೆ ನರ ನೇರವಾಗಿ ತಲೆ, ಮುಖ, ಗಂಟಲಿಗೆ ಬರುತ್ತವೆ. ನಾನು ಒಂದನೇದರಿಂದ ಶುರು ಮಾಡಿ ಹನ್ನೆರಡರ ತನಕ ನೋಡ್ತೀನಿ. ಕೆಲವು ಆಟದ ಥರ ಇರುತ್ತೆ, ನಗಬೇಡಿ. ನಕ್ಕರೂ ಪರವಾಗಿಲ್ಲ, ಅದೂ ಒಂದು ಪರೀಕ್ಷೇನೇ."

ಮೊದಲು ಕಣ್ಣು ಮುಚ್ಚಿಸಿದಳು. ಬಲಗಣ್ಣು ಮುಚ್ಚದ್ದರಿಂದ ಅದರ ಮೇಲೆ ತಾನೇ ಅಂಗೈ ಇಟ್ಟಳು. ಒಂದು ಮೂಗಿನ ಹೊಳ್ಳೆ ಒತ್ತಿ ಇನ್ನೊಂದರ ಹತ್ತಿರ ಡಬ್ಬಿ ಹಿಡಿದಳು. "ಕಾಫಿ ಪುಡಿ" ಎನ್ನಲು ಹೋಗಿ 'ಹುಡಿ' ಎಂದಾಯಿತು. ಇನ್ನೊಂದು ಹೊಳ್ಳೆಗೆ ಬೇರೆ ಡಬ್ಬಿ. "ಸೋಫು. ವಟ್ಟೆ ಒಗೆಯೋದು."

"ಮೈಗೆ ಹಚ್ಚೋದಲ್ಲ ಅಂತಾನೂ ಗೊತ್ತಾಯ್ತಲ್ಲ. ಒಂದನೇದು ಪಾಸು."

ಗೋಡೆಯ ಮೇಲಿನ ಅಕ್ಷರಗಳನ್ನು ಒಂದೊಂದೇ ಕಣ್ಣಿನಿಂದ ಓದಿಸಿದಳು. ಎದುರಿಗೆ ಕೂತು, "ನನ್ನ ಮೂಗನ್ನೇ ನೋಡ್ತಿರಿ. ಯಾವ ಕೈ ಬೆರಳು ಆಡಿತು ಹೇಳಿ" ಎಂದು ಎರಡೂ ಕೈಗಳನ್ನು ಅಗಲಿಸಿ ಬೆರಳು ಕುಣಿಸಿದಳು. ಕಣ್ಣಿಗೆ ಟಾರ್ಚು ಬಿಟ್ಟಳು. ಪೆನ್ನನ್ನು ಮೇಲೆ, ಕೆಳಗೆ, ಆ ಪಕ್ಕ, ಈ ಪಕ್ಕ ಒಯ್ದು, "ತಲೆ ತಿರುಗಿಸಬೇಡಿ, ಕಣ್ಣು ಮಾತ್ರ ಬರಲಿ. ಎರಡೆರಡು ಕಾಣುತ್ತಾ?" ಎಂದು ಕೇಳಿದಳು. ಕಾಣಲಿಲ್ಲ. ಪೆನ್ನಿನ ಹಿಂದೆ ಹೋಗಿಬರುತ್ತಿದ್ದ ಅವಳ ಕಣ್ಣಿನ ಜೊತೆ ಅತ್ತೆಯ ಕಣ್ಣೂ ಹೋಗಿಬರುತ್ತಿತ್ತು.

ಆಮೇಲೆ ಹತ್ತಿಯ ಎಳೆ. ಹಣೆ, ಕೆನ್ನೆ, ಗದ್ದ, ಎಡಕ್ಕೊಮ್ಮೆ, ಬಲಕ್ಕೊಮ್ಮೆ. "ಎರಡೂ ಕಡೆ ಒಂದೇ ಥರ ಗೊತ್ತಾಗುತ್ತಾ?" ಗೊತ್ತಾಗುತ್ತಿತ್ತು. ಇಸ್ತ್ರಿ ಹೊಡೆದ ಆ ಕೆನ್ನೆ ಸತ್ತೇ ಹೋಗಿದೆ ಎಂದುಕೊಂಡವಳಿಗೆ ಹತ್ತಿ ತಾಕಿದ್ದು ಸ್ಪಷ್ಟವಾಗಿ ತಿಳಿಯಿತು. ಹಲ್ಲು ಕಚ್ಚಿಸಿ ದವಡೆ ಮುಟ್ಟಿ ನೋಡಿದಳು, ಗಟ್ಟಿಯಾಗಿತ್ತು. ಕೊನೆಗೆ ಹತ್ತಿಯ ತುದಿಯನ್ನು ಬಲಗಣ್ಣಿನ ಗುಡ್ಡೆಗೆ ತುಸುವೇ ಸೋಕಿಸಿದಳು. ಚುರುಕ್ಕೆಂದಿತು. ಆದರೆ ಮಿಟುಕಿದ್ದು ಎಡಗಣ್ಣು ಮಾತ್ರ.

"ಇದು ನೋಡಿ ತಮಾಷೆ" ಎಂದಳು ಡಾಕ್ಟರಮ್ಮ. "ಬಲಗಣ್ಣಿಗೆ ಮುಟ್ಟಿದ್ದು ಗೊತ್ತಾಗಿದೆ. ಅಂದರೆ ಸುದ್ದಿ ಒಳಗೆ ಒಯ್ಯೋ ಐದನೇ ನರ ಚೆನ್ನಾಗಿದೆ. ಮೆದುಳು ಎರಡೂ ಕಣ್ಣಿಗೂ ಮುಚ್ಚು ಅಂತ ಹೇಳಿದೆ. ಎಡಗಣ್ಣು ಕೇಳ್ತು. ಬಲಗಣ್ಣಿಗೆ ಆ ಮಾತು ತಲುಪಲಿಲ್ಲ. ತಲುಪಿಸೋದು ಏಳನೇದು."

ಗೋಡೆಗೊರಗಿದ್ದ ಗಂಡ ನೆಟ್ಟಗಾದ.

"ಈಗ ಅಮ್ಮ, ಗಮನ ಇಟ್ಟು ಮಾಡಿ. ಯಾರೋ ಬರಬಾರದವರು ಮನೆಗೆ ಬಂದ ಹಾಗೆ ಹುಬ್ಬು ಮೇಲೇರಿಸಿ."

ಅವಳು ಏರಿಸಿದಳು. ಎಡ ಹಣೆಯಲ್ಲಿ ಗೆರೆಗಳು ಮೂಡಿದವು. ಬಲ ಹಣೆ ತೊಳೆದಿಟ್ಟ ತಟ್ಟೆಯಂತೆ ನುಣ್ಣಗಿತ್ತು. ಡಾಕ್ಟರಮ್ಮ ಹತ್ತಿರ ಬಗ್ಗಿ ನೋಡಿದಳು. "ಇನ್ನೊಂದು ಸಲ." ಮತ್ತೆ ಅಷ್ಟೇ.

"ಒಳ್ಳೇದು" ಎಂದಳು.

ಒಳ್ಳೆಯದು ಹೇಗಾಯಿತು ಎಂದು ಮೂವರಿಗೂ ಅರ್ಥವಾಗಲಿಲ್ಲ. ಅವಳಿಗೆ ಅಳು ಬಂತು. ಹಣೆಯೂ ಹೋಯಿತೆಂದು ತಾನು ಕುಗ್ಗುತ್ತಿದ್ದರೆ ಈ ಹುಡುಗಿ ಒಳ್ಳೇದು ಅನ್ನುತ್ತಾಳಲ್ಲ.

"ಹೇಳ್ತೀನಿ, ಸ್ವಲ್ಪ ತಡೀರಿ. ಪೂರ್ತಿ ಮುಗಿಸ್ದೆ ಬಾಯಿ ಬಿಡಬಾರದು ಅಂತ ನನಗೆ ನಾನೇ ಹಾಕ್ಕೊಂಡಿರೋ ನಿಯಮ."

ಕಣ್ಣು ಬಿಗಿಯಾಗಿ ಮುಚ್ಚಲು ಹೇಳಿದಳು. ಬಲಗಣ್ಣಿನ ಗುಡ್ಡೆ ಮೇಲಕ್ಕೆ ಹೊರಳಿ ಬಿಳಿ ಮಾತ್ರ ಕಂಡಿತು. ಹಲ್ಲು ಕಿರಿಯಲು, ಕೆನ್ನೆ ಉಬ್ಬಿಸಲು, ಸಿಳ್ಳೆ ಹಾಕಲು ಹೇಳಿದಳು. ಸಿಳ್ಳೆಯ ಬದಲು ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಸದ್ದಾಯಿತು. ನಾಲಗೆ ಹೊರಗಿಡಿಸಿ, ಬಲಗಡೆ ಒಂದು ಕಡ್ಡಿಯಿಂದ ಏನೋ ಸವರಿದಳು. ಸಿಹಿ, ಉಪ್ಪು, ಹುಳಿ, ಕಹಿ ಎಂದು ಬರೆದ ರಟ್ಟು ಮುಂದೆ ಹಿಡಿದು, "ನಾಲಗೆ ಒಳಗೆ ಎಳ್ಕೋಬೇಡಿ. ಬೆರಳಲ್ಲಿ ತೋರಿಸಿ" ಎಂದಳು. ಯಾವುದನ್ನು ತೋರಿಸಬೇಕೋ ತಿಳಿಯಲಿಲ್ಲ. ಎಡಗಡೆ ಸವರಿದಾಗ ತಟ್ಟನೆ ಉಪ್ಪು ಎಂದು ತೋರಿಸಿದಳು.

"ಎರಡು ದಿನದಿಂದ ಏನಾದ್ರೂ ಸದ್ದು ಜೋರಾಗಿ ಕೇಳ್ತಿತ್ತಾ?"

ಅವಳು ಬೆರಗಾಗಿ ನೋಡಿದಳು. ಸ್ಪೀಕರಿನ ಕತೆ ಅವಳು ಗಂಡನಿಗೂ ಹೇಳಿರಲಿಲ್ಲ. ತೊದಲುತ್ತ ಹೇಳಿದಳು.

"ಸ್ಪೀಕರ್ ಮೇಲೆ ಕೋಪ ಬೇಡ. ಕಿವಿ ಒಳಗೆ ಅಕ್ಕಿ ಕಾಳಿಗಿಂತ ಚಿಕ್ಕ ಸ್ನಾಯು ಒಂದಿದೆ. ಜೋರು ಸದ್ದು ಬಂದರೆ ಲಗಾಮು ಹಾಕೋದು ಅದರ ಕೆಲಸ. ಅದಕ್ಕೂ ಇದೇ ನರ ಬೇಕು."

ಕಿವಿಯೊಳಗೆ ದೀಪ ಬಿಟ್ಟು ಗುಳ್ಳೆಗಳಿವೆಯೇ ಎಂದು ನೋಡಿದಳು, ಇರಲಿಲ್ಲ. ಝುಂ ಎನ್ನುವ ಕಬ್ಬಿಣದ ಕವಲುಕಡ್ಡಿಯನ್ನು ಕಿವಿಯ ಬಳಿ ಹಿಡಿದಳು. ಹಿಂದೆ ನಿಂತು ಪಿಸುಗುಟ್ಟಿದ ಪದಗಳನ್ನು ಹೇಳಿಸಿದಳು. ಬಾಯಿ ತೆರೆಸಿ 'ಆ' ಅನ್ನಿಸಿದಳು.

ಮೈಕಮ್ಮ 'ಆ' ಎಂದಳು. ದುಂಡಗೆ, ತುಂಬಿದ ದನಿ. ಕೋಣೆಯ ಆ ಮೂಲೆಯಿಂದ ಈ ಮೂಲೆಗೆ ತಲುಪಿ ನಿಂತಿತು. ಬಾಗಿಲಾಚೆ ಇದ್ದ ನರ್ಸು ಇಣುಕಿ ನೋಡಿದಳು.

"ಈ ದನಿ ಎಲ್ಲೋ ಕೇಳಿದೀನಲ್ಲ" ಎಂದಳು ಡಾಕ್ಟರಮ್ಮ.

"ಬಸ್ ಸ್ಟ್ಯಾಂಡ್" ಎಂದ ಗಂಡ.

"ಅಯ್ಯೋ, ನೀವಾ ಅವರು? ಓದೋಕೆ ಬಂದಾಗಿಂದ ಊರಿಗೆ ಹೋಗೋ ಬಸ್ಸು ಹತ್ತಿದ್ದೆಲ್ಲ ನಿಮ್ಮ ಮಾತು ಕೇಳ್ಕೊಂಡೇ." ಡಾಕ್ಟರಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಆಮೇಲೆ ನಿಧಾನವಾಗಿ ಹೇಳಿದಳು, "ದನಿ ಬರೋದು ಹತ್ತನೇ ನರದಿಂದ. ಅದಕ್ಕೆ ಏನೂ ಆಗಿಲ್ಲ. ತುಟಿ ಮುಚ್ಚೋದು ಏಳನೇದು. ನಿಮಗೆ ಸದ್ಯಕ್ಕೆ ತುಟಿ ಮಾತ್ರ ಕೈ ಕೊಟ್ಟಿದೆ."

ಭುಜ ಕುಣಿಸಿ, ಕತ್ತು ತಿರುಗಿಸಿ ಹನ್ನೊಂದನೆಯದೂ ಮುಗಿಯಿತು. ನಾಲಗೆ ಹೊರಚಾಚಿದಾಗ ಅದೂ ಒಂದು ಪಕ್ಕಕ್ಕೆ ವಾಲಿದಂತೆ ಕಂಡಿತು. ಅತ್ತೆ "ಅದೂ ಸೊಟ್ಟ" ಎಂದು ಮೊದಲ ಬಾರಿಗೆ ಬಾಯಿಬಿಟ್ಟರು. ಡಾಕ್ಟರಮ್ಮ ಜೋತುಬಿದ್ದ ಬಲ ತುಟಿಯನ್ನು ಬೆರಳಿನಿಂದ ಮೇಲೆತ್ತಿ ಎಡಕ್ಕೆ ಸಮಮಾಡಿದಳು. "ಈಗ ನೋಡಿ ಅಜ್ಜಿ. ನಾಲಗೆ ನೆಟ್ಟಗಿದೆ. ಬಾಗಿಲು ಸೊಟ್ಟಗಿದ್ರೆ ಒಳಗೆ ನಿಂತೋರೂ ಸೊಟ್ಟ ಕಾಣ್ತಾರೆ."

ಕೈ ತೊಳೆದುಕೊಂಡು ಬಂದು ಮೂವರ ಎದುರು ಕೂತಳು.

"ಇದು ಲಕ್ವ ಅಲ್ಲ. ಮೆದುಳಿಗೆ ಏನೂ ಆಗಿಲ್ಲ. ಮೆದುಳಲ್ಲಿ ಒಂದು ಕಡೆ ಕೆಟ್ಟರೆ ಕೆಳಗಿನ ಮುಖ ಬಿದ್ದುಹೋಗುತ್ತೆ, ಆದರೆ ಹಣೆ ಆಡುತ್ತೆ. ಯಾಕಂದ್ರೆ ಹಣೆಗೆ ಮೆದುಳಿನ ಎರಡೂ ಕಡೆಯಿಂದ ಅಪ್ಪಣೆ ಬರುತ್ತೆ. ಒಬ್ಬರು ಕೈಬಿಟ್ಟರೆ ಇನ್ನೊಬ್ಬರು ಹಿಡ್ಕೋತಾರೆ. ನಿಮ್ಮದು ಹಣೆಯಿಂದ ಗದ್ದದವರೆಗೆ ಪೂರ್ತಿ ಮುಷ್ಕರ ಹೂಡಿದೆ. ಅಂದರೆ ಕೆಟ್ಟಿರೋದು ಆ ಕಡೆ ಮುಖಕ್ಕೆ ಬರೋ ನರ ಮಾತ್ರ. ಕಿವಿ ಹಿಂದಿನ ಸಣ್ಣ ಮೂಳೆ ದಾರಿಯಲ್ಲಿ ಊದಿಕೊಂಡು ಸಿಕ್ಕಿಹಾಕ್ಕೊಂಡಿದೆ. ಅದಕ್ಕೇ ಹಣೆ ಆಡಲಿಲ್ಲ ಅಂತ ನಾನು ಒಳ್ಳೇದು ಅಂದದ್ದು."

"ಟ್ರಾನ್ಸ್‌ಫಾರ್ಮರ್ ಸುಟ್ಟಿಲ್ಲ. ಮನೆಗೆ ಬರೋ ಸರ್ವೀಸ್ ವೈರ್ ಮಾತ್ರ ಹೋಗಿದೆ" ಎಂದ ಗಂಡ, ತನ್ನಷ್ಟಕ್ಕೆ ಎಂಬಂತೆ.

"ಅಷ್ಟೇ. ನಾನು ನಾಳೆಯಿಂದ ಹೀಗೇ ಹೇಳ್ತೀನಿ" ಎಂದಳು ಡಾಕ್ಟರಮ್ಮ.

ಅತ್ತೆ ಸ್ಟೂಲಿನಿಂದ ಎದ್ದು ನಿಂತಿದ್ದರು. "ಅವರದ್ದು ಆಡ್ತಿತ್ತು" ಎಂದರು. ಯಾರದ್ದು ಎಂದು ಡಾಕ್ಟರಮ್ಮನಿಗೆ ತಿಳಿಯಲಿಲ್ಲ. ಮಗನಿಗೆ, ಸೊಸೆಗೆ ತಿಳಿಯಿತು. "ನಮ್ಮೆಜಮಾನ್ರದ್ದು. ಬಾಯಿ ಹೋಗಿತ್ತು, ಮಾತು ಹೋಗಿತ್ತು. ಹುಬ್ಬು ಮಾತ್ರ ಎರಡೂ ಏರ್ತಿತ್ತು. ನಾನು ಗಂಜಿ ತಗೊಂಡು ಹೋದರೆ ಹುಬ್ಬು ಏರಿಸಿ ನೋಡೋರು, ಇವತ್ತೂ ಇದೇನಾ ಅನ್ನೋ ಹಾಗೆ." ಅವರು ಮುಂದೆ ಬಂದು ಸೊಸೆಯ ನುಣ್ಣನೆಯ ಹಣೆಯ ಮೇಲೆ ಅಂಗೈ ಇಟ್ಟರು. "ಇವಳದ್ದು ಏರಲಿಲ್ಲ. ನಾನೂ ನೋಡಿದೆ. ಏರಲಿಲ್ಲ." ಇಷ್ಟು ಹೇಳಿ ಬಿಕ್ಕಿದರು. ಅದು ನಿರಾಳದ ಅಳು. ಹಣೆಯ ಮೇಲಿನ ಆ ಕೈಯನ್ನು ಸೊಸೆ ತೆಗೆಯಲಿಲ್ಲ.

"ಪೂರ್ತಿ ಸರಿ ಹೋಗುತ್ತಾ?" ಗಂಡ ಕೇಳಿದ.

"ಬಹಳ ಜನಕ್ಕೆ ಹೋಗುತ್ತೆ. ಕೆಲವರಿಗೆ ಚೂರುಪಾರು ಉಳಿಯುತ್ತೆ. ಬರೆದುಕೊಡು ಅಂದ್ರೆ ಆಗಲ್ಲ. ಬೇಗ ಬಂದಿದ್ದೀರಿ, ಮಾತ್ರೆ ಇವತ್ತೇ ಶುರು ಮಾಡೋಣ. ಕಣ್ಣು ಮಾತ್ರ ಹುಷಾರು. ಮುಚ್ಚದ ಕಣ್ಣು ಒಣಗಿ ಹುಣ್ಣಾಗುತ್ತೆ. ಹಗಲು ಹನಿ ಹಾಕ್ತಾ ಇರಿ, ಮಲಗುವಾಗ ಮುಲಾಮು ಹಾಕಿ, ರೆಪ್ಪೆ ಎಳೆದು ಮೆತ್ತಗಿನ ಪಟ್ಟಿ ಅಂಟಿಸಿ."

ಮನೆಗೆ ಬಂದ ಮೇಲೆ ಹನಿ ಹಾಕುವ ಕೆಲಸವನ್ನು ಅತ್ತೆ ಯಾರನ್ನೂ ಕೇಳದೆ ವಹಿಸಿಕೊಂಡರು. ಸೊಸೆಯ ತಲೆ ತೊಡೆಯ ಮೇಲಿಟ್ಟುಕೊಂಡು, ರೆಪ್ಪೆ ಬಿಡಿಸಿ, ಉಸಿರು ಬಿಗಿಹಿಡಿದು ಹನಿ ಬಿಡುತ್ತಿದ್ದರು. ಮೊದಲ ದಿನ ಅರ್ಧ ಸೀಸೆ ಕೆನ್ನೆಗೆ ಹೋಯಿತು. ಆಮೇಲೆ ಕೈ ಕುದುರಿತು.

ನಿಲ್ದಾಣದಲ್ಲಿ ಮೈಕಿನ ಮುಂದೆ ಒಬ್ಬ ಕಂಡಕ್ಟರನನ್ನು ಕೂರಿಸಿದ್ದರು. ಅವನದು ಓಡುವ ಬಸ್ಸಿನ ಫುಟ್‌ಬೋರ್ಡಿನ ಮಾತು. ಅರ್ಧ ನುಂಗಿ ಅರ್ಧ ಉಗುಳುತ್ತಿದ್ದ. ಒಂದು ದಿನ ತಂಗಿಯ ಮನೆಗೆಂದು ಹೊರಟ ಅತ್ತೆ ಮಧ್ಯಾಹ್ನಕ್ಕೇ ಮನೆಗೆ ಮರಳಿದರು. "ಅವನೇನು ಬಾಯಲ್ಲಿ ಬೋಲ್ಟು ಇಟ್ಕೊಂಡು ಮಾತಾಡ್ತಾನಾ? ಯಾವ ಬಸ್ಸು ಎಲ್ಲಿ ನಿಂತಿದೆ ಅಂತ ಗೊತ್ತಾದ್ರೆ ತಾನೆ ಹತ್ತೋದು" ಎಂದು ಚಪ್ಪಲಿ ಬಿಟ್ಟರು. ಒಳಗೆ ಹೋಗುತ್ತ, ಬೆನ್ನು ತಿರುಗಿಸಿಯೇ, "ನೀನು ಹೇಳಿದ್ರೆ ಗೊತ್ತಾಗ್ತಿತ್ತು" ಎಂದರು. ಇಷ್ಟು ವರ್ಷಗಳಲ್ಲಿ ಅತ್ತೆ ಅವಳ ಕೆಲಸದ ಬಗ್ಗೆ ಆಡಿದ ಮೊದಲ ಒಳ್ಳೆಯ ಮಾತು ಅದು.

ಆದರೆ ಮುಖ ಮಾತ್ರ ಅಲ್ಲಾಡಲಿಲ್ಲ. ಮಾತ್ರೆ ಮುಗಿಯಿತು, ಕಿವಿಯ ನೋವು ಹೋಯಿತು, ಸದ್ದುಗಳೆಲ್ಲ ತಮ್ಮ ಅಳತೆಗೆ ಮರಳಿದವು. ತುಟಿ ಹಾಗೇ ಇತ್ತು. ಊಟಕ್ಕೆ ಕೂತರೆ ತುತ್ತು ಬಲಗೆನ್ನೆಯಲ್ಲೇ ಉಳಿದುಬಿಡುತ್ತಿತ್ತು, ಬೆರಳು ಹಾಕಿ ತೆಗೆಯಬೇಕು. ಹೊರಗೆ ಹೋಗುವಾಗ ಶಾಲನ್ನು ಮೂಗಿನ ತನಕ ಎಳೆದುಕೊಳ್ಳುತ್ತಿದ್ದಳು. ಮನೆಯಲ್ಲಿ ಯಾರೂ ಇಲ್ಲದಾಗ ಅಡುಗೆಕೋಣೆಯಲ್ಲಿ ನಿಂತು, "ಪ್ರಯಾಣಿಕರ ಗಮನಕ್ಕೆ" ಎಂದು ಹೇಳಿ ನೋಡುತ್ತಿದ್ದಳು. 'ಹ್ರಯಾಣಿಕರ' ಎಂದು ಕೇಳುತ್ತಿತ್ತು. ತನ್ನ ಹೊಟ್ಟೆಪಾಡಿನಲ್ಲಿ ಎಷ್ಟೊಂದು 'ಪ', ಎಷ್ಟೊಂದು 'ಬ' ಇದೆಯೆಂದು ಅವಳಿಗೆ ಈಗ ಗೊತ್ತಾಯಿತು. ಪ್ರಯಾಣಿಕರು, ಪ್ಲಾಟ್‌ಫಾರಂ, ಬಸ್ಸು, ಬರುತ್ತದೆ. ಹೋಗುತ್ತದೆ ಎನ್ನುವುದು ಮಾತ್ರ ಸಲೀಸು. ಒಂದು ದಿನ ಹೋಗಿ ಕಂಟ್ರೋಲರ ಮುಂದೆ ನಿಂತು, ತನ್ನನ್ನು ಪಾರ್ಸೆಲ್ ಕೋಣೆಗೇ ಹಾಕಿಬಿಡಿ ಎಂದು ಕೇಳಿಕೊಂಡಳು. "ನೋಡೋಣಮ್ಮ. ಕುರ್ಚಿ ಎಲ್ಲೂ ಓಡಿಹೋಗಲ್ಲ" ಎಂದರು ಅವರು.

ಡಾಕ್ಟರಮ್ಮ ದಿನವೂ ಕನ್ನಡಿ ಮುಂದೆ ಮಾಡಲು ಕೆಲವು ಅಭ್ಯಾಸ ಕಲಿಸಿದ್ದಳು. ಜೋರು ಮಾಡಬೇಡಿ, ಎಳೆದಾಡಬೇಡಿ, ಮೆತ್ತಗೆ ನೆನಪಿಸಿ ಎಂದಿದ್ದಳು. ಕನ್ನಡಿಯ ಮುಂದೆ ಕೂರಲು ಅವಳಿಗೆ ಮನಸ್ಸೇ ಬರುತ್ತಿರಲಿಲ್ಲ. ಇವತ್ತು ಬೇಡ, ನಾಳೆ ಎಂದು ಜಾರಿಕೊಳ್ಳುತ್ತಿದ್ದಳು. ಒಂದು ಸಂಜೆ ಅತ್ತೆಯೇ ಕನ್ನಡಿ ತಂದು ಗೋಡೆಗೆ ಒರಗಿಸಿ, ಪಕ್ಕದಲ್ಲಿ ತಾವೂ ಕೂತರು.

"ಏನೇನು ಮಾಡಬೇಕು, ಹೇಳು."

"ಹಣೆ ಗಂಟು ಹಾಕ್ವೇಕು. ಮೂಗು ಮುರೀವೇಕು. ತುಟಿ ಕೊಂಕಿಸ್ವೇಕು. ಹಲ್ಲು ಕಿರೀವೇಕು. ಮುಖ ಊದಿಸ್ವೇಕು."

ಅತ್ತೆ ಕನ್ನಡಿಯನ್ನು ಅವಳ ಕಡೆ ತಿರುಗಿಸಿದರು. "ಇದನ್ನೆಲ್ಲ ಇಷ್ಟು ವರ್ಷ ನನ್ನ ಬೆನ್ನ ಹಿಂದೆ ಮಾಡ್ಕೊಂಡೇ ಬಂದಿದೀಯಲ್ಲ. ಈಗ ಎದುರಿಗೇ ಮಾಡು, ಡಾಕ್ಟ್ರೇ ಹೇಳಿದ್ದಾರೆ."

ಸೊಸೆಗೆ ತಡೆಯಲಾಗಲಿಲ್ಲ. ನಕ್ಕುಬಿಟ್ಟಳು. ಆ ಕಾಯಿಲೆ ಬಂದ ಮೇಲೆ ಮೊದಲ ನಗು. ಅತ್ತೆ ಮುಂದುವರಿದು, ಹಲ್ಲಿಲ್ಲದ ಬಾಯನ್ನು ಚೂಪು ಮಾಡಿ, ಕೆನ್ನೆ ಉಬ್ಬಿಸಿ, ಮೂಗು ಮುರಿದು ತೋರಿಸಿದರು. ಇಬ್ಬರೂ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಿದ್ದ ಅತ್ತೆ ಥಟ್ಟನೆ ನಿಲ್ಲಿಸಿ ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು.

"ಇನ್ನೊಂದು ಸಲ ನಗು."

"ಹಾಗೆ ನಗು ಅಂದ್ರೆ ಹೇಗೆ ಅತ್ತೆ?"

"ನಗು ಅಂದೆ."

ನಗಲು ಹೋದಳು. ಬಲ ಮೂಗಿನ ಪಕ್ಕ, ತುಟಿಯ ಮೇಲೆ, ನೀರಿನಡಿ ಮೀನು ಮಿಸುಕಿದ ಹಾಗೆ ಏನೋ ಮಿಸುಕಿತು. ಅತ್ತೆ ಕಂಡರು. ಅವಳೂ ಕಂಡಳು. ರಾತ್ರಿ ಗಂಡ ಬಂದಾಗ ಅವನನ್ನು ಬಾಗಿಲಲ್ಲೇ ನಿಲ್ಲಿಸಿ ತೋರಿಸಿದರು. ಅವನು ಟಾರ್ಚು ತಂದು ಬಿಟ್ಟು ನೋಡಿ, "ಸಪ್ಲೈ ಬಂತು" ಎಂದ.

ಅಲ್ಲಿಂದ ಒಂದೊಂದಾಗಿ ಬಂತು. ಮೊದಲು ತುಟಿಯ ಮೂಲೆ, ಆಮೇಲೆ ಕಣ್ಣು, ಕಟ್ಟಕಡೆಗೆ ಹಣೆ. ಹಣೆಯಲ್ಲಿ ಮೊದಲ ಗೆರೆ ಮೂಡಿದ ದಿನ ಡಾಕ್ಟರಮ್ಮ ಅದರ ಮೇಲೆ ಬೆರಳಾಡಿಸಿ, "ಸುಕ್ಕು ಬಂತು ಅಂತ ಇಷ್ಟು ಖುಷಿಪಡೋ ಹೆಂಗಸನ್ನ ನಾನು ನೋಡಿಲ್ಲ" ಎಂದಳು. ಅವತ್ತೂ ಅವಳು ಒಂದನೆಯದರಿಂದಲೇ ಶುರು ಮಾಡಿ ಹನ್ನೆರಡರ ತನಕ ನೋಡಿಯೇ ಬಿಟ್ಟದ್ದು. ಹೋದ ಸಲ ಕೆಟ್ಟಿದ್ದನ್ನು ಮಾತ್ರ ನೋಡಿದರೆ ಸಾಲದೇ ಎಂದು ಗಂಡ ಕೇಳಿದ್ದಕ್ಕೆ, "ನೀವು ಒಂದು ಫ್ಯೂಸ್ ಹಾಕಿ ಉಳಿದ ಸ್ವಿಚ್ಚು ಒತ್ತಿ ನೋಡ್ದೆ ಬರ್ತೀರಾ?" ಎಂದಳು.

ಮೈಕಿನ ಮುಂದೆ ಮತ್ತೆ ಕೂತ ಬೆಳಗ್ಗೆ ಕಂಟ್ರೋಲರು ಗೂಡಿನ ಬಾಗಿಲು ಹಾಕಿ ಹೊರಗೆ ನಿಂತರು. ಅವಳು ಫ್ಯಾನು ಆರಿಸಿ, ಒಮ್ಮೆ ತುಟಿ ಒದ್ದೆ ಮಾಡಿಕೊಂಡು ಗುಂಡಿ ಒತ್ತಿದಳು. 'ಪ' ಬಂತು. ಮೊದಲಿನಷ್ಟು ಟಂಕಿಸಿದಂತಲ್ಲ, ಆದರೆ ಬಂತು. ಕೆಳಗೆ ಮೂರು ಬಸ್ಸುಗಳು ಒಟ್ಟಿಗೆ ಹಾರನ್ ಹೊಡೆದವು. ಡ್ರೈವರುಗಳು ಮೊದಲೇ ಮಾತಾಡಿಕೊಂಡಿದ್ದರಂತೆ. ಪ್ರಯಾಣಿಕರಿಗೆ ತಲೆಬುಡ ತಿಳಿಯದೆ ಎಲ್ಲರೂ ಸಾಮಾನು ಎತ್ತಿಕೊಂಡು ಬಸ್ಸು ಹೊರಟಿತೆಂದು ಓಡಿದರು. ಅವರನ್ನು ಸಮಾಧಾನ ಮಾಡಲು ಅವಳು ಮತ್ತೆ ಮೈಕು ಹಾಕಬೇಕಾಯಿತು.

ಅದಾದ ಮೇಲೆ ಒಂದು ದಿನ ಡಾಕ್ಟರಮ್ಮ ನಿಲ್ದಾಣಕ್ಕೇ ಬಂದಳು. "ಒಂದು ಉಪಕಾರ ಆಗಬೇಕಲ್ಲ ಅಮ್ಮ. ನಮ್ಮ ವಿದ್ಯಾರ್ಥಿಗಳು ಈ ನರ ಪರೀಕ್ಷೆ ಕಲೀತಾ ಇದ್ದಾರೆ. ಪುಸ್ತಕದಲ್ಲಿ ಎಲ್ಲ ಬಾಯಿಪಾಠ. ನಿಜವಾದ ಮುಖ ಮುಂದೆ ಬಂದ್ರೆ ಕೈ ನಡುಗುತ್ತೆ. ನೀವು ಬಂದು ಕೂರ್ತೀರಾ?"

ಶಾಲಿನಲ್ಲಿ ಮುಖ ಮರೆಸಿಕೊಂಡು ತಿರುಗಾಡಿದ್ದವಳು ಹೂಂ ಎಂದಳು. ಯಾಕೆ ಒಪ್ಪಿದೆನೆಂದು ಆಮೇಲೆ ತಾನೇ ಆಶ್ಚರ್ಯಪಟ್ಟಳು.

ಆ ಕೋಣೆಯಲ್ಲಿ ಬಿಳಿ ಕೋಟಿನ ಹುಡುಗ ಹುಡುಗಿಯರು ಒತ್ತಾಗಿ ನಿಂತಿದ್ದರು. ಮೊದಲು ಮುಂದೆ ಬಂದ ಹುಡುಗಿಯ ಕೈಯಿಂದ ಟಾರ್ಚು ಜಾರಿತು, ಎತ್ತಿಕೊಳ್ಳಲು ಬಗ್ಗಿದಾಗ ಕಿಸೆಯಿಂದ ಪೆನ್ನು ಬಿತ್ತು. "ನಿಧಾನಮ್ಮ" ಎಂದಳು ಮೈಕಮ್ಮ, ಮೈಕಿನಲ್ಲಿ ಹೇಳುವ ಅದೇ 'ಪಕ್ಕದಲ್ಲಿ ಕೂತ' ದನಿಯಲ್ಲಿ. "ನನಗೆ ಯಾವ ಬಸ್ಸೂ ಹಿಡಿಯೋದಿಲ್ಲ." ಹುಡುಗಿ ಉಸಿರು ಬಿಟ್ಟು ಶುರು ಮಾಡಿದಳು. ಡಬ್ಬಿಯಿಂದ ನಾಲಗೆಯ ತನಕ ಒಂದೂ ಬಿಡಲಿಲ್ಲ. ಎಲ್ಲ ಸರಿಯಿದೆ ಎಂದಳು.

"ಎಲ್ಲ ಸರಿಯಾ? ತುಟಿ ಚೂಪು ಮಾಡಿಸಿ, ತುಟಿ ಬಿಟ್ಟು ಬೇರೆ ಕಡೆ ನೋಡು" ಎಂದಳು ಡಾಕ್ಟರಮ್ಮ.

ಹುಡುಗಿ ಮತ್ತೆ ನೋಡಿದಳು. ಮೈಕಮ್ಮ ತುಟಿ ಕೂಡಿಸಿದಾಗಲೆಲ್ಲ ಬಲಗಣ್ಣು ತಾನಾಗಿಯೇ ತುಸು ಕಿರಿದಾಗುತ್ತಿತ್ತು. "ಕಣ್ಣು ಹೊಡೆದ ಹಾಗೆ ಆಗ್ತಿದೆ" ಎಂದು ಹೇಳಿ ಹುಡುಗಿ ನಾಚಿದಳು. ಕೋಣೆಯೆಲ್ಲ ನಕ್ಕಿತು. ಮತ್ತೆ ಬೆಳೆಯುವಾಗ ನರದ ಕೆಲವು ಎಳೆಗಳು ದಾರಿ ತಪ್ಪಿ ತುಟಿಯ ಬದಲು ಕಣ್ಣಿಗೆ ಹೋಗಿ ಸೇರಿಕೊಂಡಿವೆ, ಅದರಿಂದ ತೊಂದರೆಯಿಲ್ಲ ಎಂದು ಡಾಕ್ಟರಮ್ಮ ವಿವರಿಸಿದಳು. ಮೈಕಮ್ಮನೂ ನಕ್ಕಳು. ನಕ್ಕಾಗಲೂ ಆ ಕಣ್ಣು ಕಿರಿದಾಯಿತು. ಹುಡುಗ ಹುಡುಗಿಯರು ಮುಂದೆ ಬಗ್ಗಿ ಅದನ್ನೂ ನೋಡಿದರು. ತನ್ನ ಮುಖವನ್ನು ಇಷ್ಟು ಜನ ಇಷ್ಟು ಅಕ್ಕರೆಯಿಂದ ನೋಡಿದ್ದು ಅವಳಿಗೆ ನೆನಪಿರಲಿಲ್ಲ.

ಮುಂದಿನ ತರಗತಿಗೆ ಅತ್ತೆಯೂ ಹೊರಟರು. ವಿದ್ಯಾರ್ಥಿಗಳಿಗೆ ಹೋಲಿಸಿ ನೋಡಲು ವಯಸ್ಸಾದ, ಕಾಯಿಲೆಯಿಲ್ಲದ ಮುಖವೊಂದು ಬೇಕಿತ್ತು. "ನನ್ನದು ನಡೆಯುತ್ತಾ?" ಎಂದು ತಾವೇ ಕೇಳಿದ್ದರು. ಕುರ್ಚಿಯಲ್ಲಿ ನೆಟ್ಟಗೆ ಕೂತು, ಹುಡುಗರು ಹೇಳಿದ್ದಕ್ಕೆಲ್ಲ ಮುಖ ಆಡಿಸಿದರು, ಪೆನ್ನನ್ನು ಬೇಗ ಆಡಿಸಿದ ಒಬ್ಬನಿಗೆ, "ನೊಣ ಓಡಿಸ್ತಿದೀಯಾ?" ಎಂದು ಗದರಿದರು.

ಸಂಜೆ ಇಬ್ಬರೂ ಬಸ್ಸಿನಲ್ಲಿ ಮನೆಗೆ ಹೊರಟರು. ಪಕ್ಕದ ಸೀಟಿನಲ್ಲಿ ಕೂತಿದ್ದ ಅಪರಿಚಿತ ಹೆಂಗಸು ಸೊಸೆಯ ಕೈಯಲ್ಲಿದ್ದ ಆಸ್ಪತ್ರೆಯ ಚೀಟಿ ನೋಡಿ, ಹುಷಾರಿಲ್ಲವೇ ಎಂದು ಮರುಕದಿಂದ ಕೇಳಿದಳು.

"ಹುಷಾರಿಗೇನಾಗಿದೆ?" ಎಂದರು ಅತ್ತೆ. "ಡಾಕ್ಟ್ರುಗಳಿಗೆ ಪಾಠ ಹೇಳೋಕೆ ಹೋಗಿದ್ವಿ. ತಲೇಲಿ ಹನ್ನೆರಡು ನರ ಇರುತ್ತಲ್ಲ, ನನಗೆ ಹನ್ನೆರಡೂ ಸರಿ ಇವೆಯಂತೆ." ಮತ್ತೆ ಸೊಸೆಯ ಕಡೆ ಗದ್ದ ತೋರಿಸಿ, "ಇವಳಿಗೆ ಹನ್ನೊಂದೂ ಮುಕ್ಕಾಲು" ಎಂದರು.

ಸೊಸೆ ಕಿಟಕಿಯ ಕಡೆ ತಿರುಗಿ ಮುಸಿಮುಸಿ ನಕ್ಕಳು. ಅತ್ತೆ ಆ ಹೆಂಗಸಿಗೆ ಒಂದನೆಯದರಿಂದ ವಿವರಿಸಲು ಶುರು ಮಾಡಿದರು. ತಮ್ಮ ನಿಲ್ದಾಣ ಬಂದಾಗ ಇನ್ನೂ ಐದನೆಯದರಲ್ಲೇ ಇದ್ದರು.